ಮಹಡಿ ಮೇಲಿನ ಹಾಡು, ಒಂದು ಹಿಡಿ ಅಕ್ಕಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರ ದೂರು ನೋಡಿದೆ. ಮಂಡಿ ಮೊಹಲ್ಲಾ ಕಡೆ ಬಾಡಿಗೆಗಿರುವ ಈಶಾನ್ಯದ ಹುಡುಗಿಯರು ಭಾನುವಾರ ಮನೆಯಲ್ಲೇ ಸೇರಿ ಹಾಡುತ್ತಾರಂತೆ. ಅದು ಯಾವುದೋ ಹೊಸ ಪಂಥವಂತೆ. ಓನರ್‌ಗಳು ಬಾಡಿಗೆ ಆಸೆಗೆ ಹಿಂದೆ ಮುಂದೆ ನೋಡದೆ ಮನೆ ಕೊಡುತ್ತಾರಂತೆ. ಅವರು ಹೆಸರು ಹಾಕಿಲ್ಲ, ಆದರೆ ಆ ಓನರ್ ನಾನೇ.

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಹಾಡು ಜೋರಾಗಿತ್ತು. ನಾಲ್ಕು ಜನ ಸೇರಿದರೆ ನಾಲ್ಕು ಸ್ವರ ಹಿಡಿಯುತ್ತಾರೆ, ಜೊತೆಗೆ ಒಂದು ಗಿಟಾರ್. ಎದುರು ಮನೆಯಲ್ಲಿ ಪಿಯುಸಿ ಓದುವ ಹುಡುಗ ಬೇರೆ ಇದ್ದಾನೆ. ಈಗ ಸಂಜೆ ನಾಲ್ಕರಿಂದ ಐದೂವರೆ ಮಾತ್ರ, ರಸ್ತೆ ಕಡೆಯ ಕಿಟಕಿ ಮುಚ್ಚಿಕೊಂಡು ಅಂತ ಮಾತಾಗಿದೆ. (ಗಣಪತಿ ಪೆಂಡಾಲಿನ ಸೌಂಡ್ ಸಿಸ್ಟಂ ಬಗ್ಗೆಯೂ ಅದೇ ಓದುಗರು ಒಂದು ಪತ್ರ ಬರೆಯಲಿ, ನಾನೂ ಸಹಿ ಹಾಕುತ್ತೇನೆ.)

ಆದರೆ ‘ಹೊಸ ಪಂಥ’ ಅನ್ನೋ ಮಾತನ್ನು ಸುಮ್ನೆ ಬಿಡೋಕೆ ಆಗಲಿಲ್ಲ. ನಾನು ಕ್ರೈಸ್ತಳಲ್ಲ, ಲಿಂಗಾಯತರ ಮನೆಯವಳು. ಸರ್ಕಾರಿ ಹೈಸ್ಕೂಲಿನಲ್ಲಿ 31 ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟಿದ್ದೇನೆ. ಅಷ್ಟಾದರೂ ಈ ಮಕ್ಕಳು ಬಂದ ಮೊದಲ ಭಾನುವಾರ, “ಆಂಟಿ, ಪ್ರೆಸ್ಬಿಟೇರಿಯನ್ ಚರ್ಚ್ ಎಲ್ಲಿದೆ?” ಅಂತ ಕೇಳಿದಾಗ ಆಟೋ ಹತ್ತಿಸಿ ಸಂತ ಫಿಲೋಮಿನಾ ಚರ್ಚಿಗೆ ಕಳಿಸಿದೆ! ಎರಡು ಗಂಟೆ ಬಿಟ್ಟು ನಗುತ್ತಾ ಬಂದರು. “ತುಂಬಾ ಚೆನ್ನಾಗಿದೆ ಆಂಟಿ, ಆದರೆ ಅದು ಕ್ಯಾಥೊಲಿಕ್ಕರದು” ಅಂದರು. ಮೈಸೂರಿನವರಿಗೆ ಚರ್ಚ್ ಅಂದರೆ ಅದೊಂದೇ, ಅಲ್ವಾ?

ಮೂವರೂ ಮಿಜೋರಾಮಿನವರು, ಇಲ್ಲಿ ನರ್ಸಿಂಗ್ ಓದುತ್ತಿದ್ದಾರೆ. ದೊಡ್ಡವಳು ತನ್ನ ತಾತ ಊರಲ್ಲಿ ‘ಉಪ’ ಅಂದಳು. ಏನು, ಉಪಾಧ್ಯಕ್ಷರಾ ಅಂತ ಕೇಳಿದೆ. ಅಲ್ಲವಂತೆ. ಅವರ ಭಾಷೆಯಲ್ಲಿ ಉಪ ಅಂದರೆ ಹಿರಿಯ. ಪ್ರೆಸ್ಬಿಟೇರಿಯನ್ ಅನ್ನೋ ಹೆಸರು ಹುಟ್ಟಿದ್ದೂ ಹಿರಿಯ ಅನ್ನೋ ಅರ್ಥದ ಗ್ರೀಕ್ ಪದದಿಂದಲೇ. ಅವರಲ್ಲಿ ಬಿಷಪ್ ಇಲ್ಲ. ಚರ್ಚಿನ ಜನರೇ ಹಿರಿಯರನ್ನು ಆರಿಸುತ್ತಾರೆ, ಆ ಹಿರಿಯರು ಪಾದ್ರಿಯ ಜೊತೆ ಕೂತು ಚರ್ಚಿನ ಆಡಳಿತ ನಡೆಸುತ್ತಾರೆ. 16ನೇ ಶತಮಾನದಲ್ಲಿ ಸ್ಕಾಟ್ಲೆಂಡಿನಲ್ಲಿ ಬೇರೂರಿದ ಪದ್ಧತಿ ಇದು. ಹೊಸದು ಅನ್ನೋದಾದರೆ ನಮ್ಮ ಅರಮನೆ ಇನ್ನೂ ಹೊಸದು.

ನಮ್ಮ ದೇಶದ ಈಶಾನ್ಯಕ್ಕೆ ಇದನ್ನು ತಂದವರು ಬ್ರಿಟನ್ನಿನ ವೇಲ್ಸ್‌ನವರು. ಥಾಮಸ್ ಜೋನ್ಸ್ ಎನ್ನುವವರು 1841ರಲ್ಲಿ ಚಿರಾಪುಂಜಿಗೆ ಬಂದು ಖಾಸಿ ಭಾಷೆಗೆ ರೋಮನ್ ಅಕ್ಷರ ಹೊಂದಿಸಿದರು. ಮಿಜೋ ಭಾಷೆಗೆ ಅಕ್ಷರ ಸಿಕ್ಕಿದ್ದು 1894ರಲ್ಲಿ. ಅದನ್ನು ಹೊಂದಿಸಿದ ಲೊರೇನ್ ಮತ್ತು ಸ್ಯಾವಿಜ್ ಬೇರೆ ಮಿಷನ್ನಿನವರು. ವೇಲ್ಸ್‌ನವರು ಅಲ್ಲಿಗೆ ಬಂದದ್ದು ಅದಾಗಿ ಮೂರು ವರ್ಷಕ್ಕೆ. 1894 ಅಂದ ತಕ್ಷಣ ನನ್ನೊಳಗಿನ ಮೇಷ್ಟ್ರು ಎದ್ದು ಕೂತರು. ಮಂಗಳೂರಿನಲ್ಲಿ ಕಿಟ್ಟೆಲ್ ಅವರ ನಿಘಂಟು ಅಚ್ಚಾಗಿ ಬಂದದ್ದೂ ಅದೇ ವರ್ಷ! ನಾವು ಪದಕೋಶ ಮುಗಿಸುವ ಹೊತ್ತಿಗೆ ಅವರು ಅಆಇಈ ಶುರು ಮಾಡಿದ್ದರು. ಇವತ್ತು ಸಾಕ್ಷರತೆಯ ಪಟ್ಟಿಯಲ್ಲಿ ಅವರು ನಮಗಿಂತ ಎಷ್ಟೋ ಮೇಲಿದ್ದಾರೆ.

ಇನ್ನು ಅಕ್ಕಿಯ ವಿಷಯ. ನನ್ನ ಅಜ್ಜಿ ನಂಜನಗೂಡಿನ ಕಡೆಯವರು. ಅಡುಗೆಗೆ ಅಕ್ಕಿ ಅಳೆದ ಮೇಲೆ ಅದರಲ್ಲೇ ಒಂದು ಹಿಡಿ ತೆಗೆದು ಮೂಲೆಯ ಗಡಿಗೆಗೆ ಹಾಕುತ್ತಿದ್ದರು. ಮುಷ್ಟಿ ಅಕ್ಕಿ. ಮಠದ ಹಾಸ್ಟೆಲಿನ ಮಕ್ಕಳಿಗೆ ಅಂತ ಚೀಲ ಹಿಡಿದು ಬಂದವರಿಗೆ ಅದನ್ನು ಸುರಿಯುತ್ತಿದ್ದರು. ನಾನೂ ಆ ಅಭ್ಯಾಸ ಬಿಟ್ಟಿಲ್ಲ. ಗಡಿಗೆ ಹೋಗಿ ಹಾರ್ಲಿಕ್ಸ್ ಬಾಟಲಿ ಬಂದಿದೆ ಅಷ್ಟೇ. ಒಂದು ದಿನ ಲೈಟರ್ ಕೇಳೋಕೆ ಕೆಳಗೆ ಬಂದ ಚಿಕ್ಕವಳು ಇದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. “ಬುಹ್‌ಫಾಯ್ ಥಾಮ್!” ಅಂದಳು. ಕಣ್ಣು ಒದ್ದೆಯಾಗಿತ್ತು. ನನಗೆ ಒಂದೂ ಅರ್ಥವಾಗಲಿಲ್ಲ.

ಬುಹ್‌ಫಾಯ್ ಅಂದರೆ ಅಕ್ಕಿ, ಥಾಮ್ ಅಂದರೆ ಹಿಡಿ. 1910ರಿಂದ ಅವರ ಚರ್ಚಿನ ಹೆಂಗಸರು ಹೊತ್ತು ಹೊತ್ತಿನ ಅಡುಗೆಯಲ್ಲೂ ಒಂದು ಹಿಡಿ ಅಕ್ಕಿ ಎತ್ತಿಡುತ್ತಾ ಬಂದಿದ್ದಾರೆ. ಮನೆ ಮನೆಯಿಂದ ಅದನ್ನು ಕೂಡಿಸಿ, ಮಾರಿ, ಚರ್ಚಿನ ಕೆಲಸಕ್ಕೆ ಕೊಡುತ್ತಾರೆ. ಶುರು ಮಾಡಿದ ಬೆನ್ನಿಗೇ, 1911ರಲ್ಲಿ ಅಲ್ಲಿನ ಒಂದು ಜಾತಿಯ ಬಿದಿರೆಲ್ಲ ಹೂ ಬಿಟ್ಟಿತು. ಬಿದಿರಕ್ಕಿ ತಿಂದು ಇಲಿಗಳು ವಿಪರೀತ ಹೆಚ್ಚಿ, ಆಮೇಲೆ ಹೊಲದ ಭತ್ತಕ್ಕೆ ಬಿದ್ದವು. ಸುಮಾರು 48 ವರ್ಷಕ್ಕೊಮ್ಮೆ ಬರುವ ಬರ ಇದು. ಬಿದಿರು ಹೂ ಬಿಟ್ಟರೆ ಕೇಡು ಅಂತ ನಮ್ಮ ಕಾಡಂಚಿನ ಊರುಗಳಲ್ಲೂ ಹೇಳುತ್ತಾರಲ್ಲ, ಸುಮ್ನೆ ಅಲ್ಲ. ಅಂಥ ಬರ ಬಂದರೂ ಹಿಡಿ ಅಕ್ಕಿಯ ಪದ್ಧತಿ ಮಾತ್ರ ನಿಲ್ಲಲಿಲ್ಲ. ಈಗ ಅದರಿಂದ ಬರುವ ದುಡ್ಡನ್ನು ಕೋಟಿಗಳಲ್ಲಿ ಎಣಿಸುತ್ತಾರೆ.

ಈಗ ಮಹಡಿ ಮೇಲೂ ಒಂದು ಡಬ್ಬಿ ಇದೆ. ತಿಂಗಳ ಕೊನೆಗೆ ಆ ಅಕ್ಕಿಯನ್ನು ನಾನೇ ತೂಗಿ ಕೊಳ್ಳುತ್ತೇನೆ. ದೊಡ್ಡವಳು ಚೌಕಾಸಿಯಲ್ಲಿ ನಮ್ಮ ಮಾರ್ಕೆಟ್ಟಿನವರಿಗೂ ಕಮ್ಮಿಯಿಲ್ಲ.

ಇನ್ನೊಂದು ಸಂಗತಿ ಹೇಳದೆ ಇರಲಾರೆ. 1908ರಲ್ಲಿ ಪೀಟರ್ ಫ್ರೇಸರ್ ಎನ್ನುವ ಡಾಕ್ಟರು ವೇಲ್ಸ್ ಮಿಷನ್ನಿನಿಂದ ಮಿಜೋರಾಮಿನ ಐಜ್ವಾಲಿಗೆ ಬಂದರು. ಆಗ ಅಲ್ಲಿ ಬೋಯಿ ಅನ್ನೋ ಪದ್ಧತಿ ಇತ್ತು. ಹಸಿವಿಗೋ ಕಷ್ಟಕ್ಕೋ ಮುಖಂಡನ ಮನೆ ಸೇರಿದವರು ಅವನ ಆಳಾಗಿಯೇ ಉಳಿಯಬೇಕು. ಬಿಡುಗಡೆ ಬೇಕಾದರೆ 40 ರೂಪಾಯಿ ಕಟ್ಟಬೇಕು. ನಮ್ಮ ಕಡೆಯ ಜೀತವೇ, ಹೆಸರು ಬೇರೆ. ಫ್ರೇಸರ್ ಇದು ಗುಲಾಮಗಿರಿ ಅಂದರು. ಬ್ರಿಟಿಷ್ ಅಧಿಕಾರಿಗಳಿಗೆ ಮುಖಂಡರ ಸ್ನೇಹ ಬೇಕಿತ್ತು. ಕೆಲವೇ ವರ್ಷಕ್ಕೆ ಫ್ರೇಸರ್ ಆ ಗುಡ್ಡಗಳನ್ನು ಬಿಟ್ಟು ಹೋಗಬೇಕಾಯಿತು. ಮಿಷನರಿಗಳೆಲ್ಲ ಸರ್ಕಾರದ ಏಜೆಂಟರು ಅಂತ ನಾನೂ ಕ್ಲಾಸಿನಲ್ಲಿ ಒಂದೇ ಉಸಿರಿಗೆ ಹೇಳಿದ್ದುಂಟು. ಈ ಕಥೆ ಆಗ ಗೊತ್ತಿದ್ದಿದ್ದರೆ ಅಷ್ಟು ಸಲೀಸಾಗಿ ಹೇಳುತ್ತಿರಲಿಲ್ಲ.

ಇದೆಲ್ಲ ದೂರದ ಕಥೆ ಅನ್ನಬೇಡಿ. ನಮ್ಮೂರಿಗೆ ಬಂದವರು ವೆಸ್ಲಿಯನ್ ಮೆಥಡಿಸ್ಟರು ಅನ್ನೋ ಇನ್ನೊಂದು ಪ್ರೊಟೆಸ್ಟೆಂಟ್ ಪಂಥದ ಮಿಷನರಿಗಳು. ವೇಲ್ಸ್‌ನ ಪ್ರೆಸ್ಬಿಟೇರಿಯನ್ನರನ್ನೂ ಮೊದಲು ಕ್ಯಾಲ್ವಿನ್ ಪಂಥದ ಮೆಥಡಿಸ್ಟರು ಅಂತಲೇ ಕರೆಯುತ್ತಿದ್ದರು. ಇಬ್ಬರೂ ದಾಯಾದಿಗಳು. ಯಾರಿಗೆ ಮುಕ್ತಿ ಅಂತ ದೇವರು ಮೊದಲೇ ಗೊತ್ತು ಮಾಡಿದ್ದಾನಾ ಇಲ್ಲವಾ ಅನ್ನೋದರ ಮೇಲೆ ಪಾಲಾದವರು. ಪತ್ರಿಕೆಯವರಾದ ನಿಮಗೆ 1887ರಲ್ಲಿ ಮೈಸೂರಿನಿಂದ ಹೊರಟ ‘ವೃತ್ತಾಂತ ಪತ್ರಿಕೆ’ ಗೊತ್ತೇ ಇರುತ್ತದೆ. ಅದನ್ನು ತಂದದ್ದು ವೆಸ್ಲಿಯನ್ನರು. ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಅವರದೇ. 1906ರಲ್ಲಿ ಹೆಂಗಸರು ಮಕ್ಕಳಿಗೆ ಅಂತ ಶುರುವಾಯಿತು. ನಾನು ಹುಟ್ಟಿದ್ದು ಅಲ್ಲಿ, ನನ್ನ ಇಬ್ಬರು ಮಕ್ಕಳು ಹುಟ್ಟಿದ್ದೂ ಅಲ್ಲೇ. ಆ ದೂರು ಬರೆದವರು ಮೈಸೂರಿನ ಹಳಬರಾಗಿದ್ದರೆ ಅವರೂ ಅಲ್ಲೇ ಹುಟ್ಟಿರಬಹುದು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣದ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ ಆಯಿತು. ಹಾಗಾಗಿ ಇಲ್ಲಿ ಪ್ರೆಸ್ಬಿಟೇರಿಯನ್ ಅನ್ನೋ ಬೋರ್ಡ್ ಹುಡುಕಿದರೆ ಸಿಗೋದು ಕಷ್ಟ. ಸಿಎಸ್‌ಐ ಅನ್ನೋ ಮೂರಕ್ಷರದ ಒಳಗೆ ಅವರಿದ್ದಾರೆ. ನನ್ನ ಹುಡುಗಿಯರು ಈಗ ಬೆಳಿಗ್ಗೆ ಸಿಎಸ್‌ಐ ಚರ್ಚಿಗೆ ಹೋಗಿ ಬರುತ್ತಾರೆ. ಸಂಜೆ ಮಹಡಿ ಮೇಲೆ ಹಾಡೋದು ತಮ್ಮ ಭಾಷೆಯ ಆಸೆಗೆ. ಮುಂಬೈಗೆ ಹೋದ ನಮ್ಮವರು ಕನ್ನಡ ಸಂಘ ಕಟ್ಟಲಿಲ್ಲವೇ?

ನಿಮ್ಮಲ್ಲಿ ಒಂದು ಕೋರಿಕೆ. ಪ್ರತಿ ಡಿಸೆಂಬರ್‌ನಲ್ಲಿ ಫಿಲೋಮಿನಾ ಚರ್ಚಿನ ದೀಪಾಲಂಕಾರದ ಫೋಟೋ ಹಾಕುತ್ತೀರಿ. ಹಾಕಿ, ಚೆಂದವೇ. ಈ ವರ್ಷ ಒಂದು ಪುಟ ಇಂಥ ಸಣ್ಣ ಸಭೆಗಳಿಗೂ ಕೊಡಿ. ಮಿಷನ್ ಆಸ್ಪತ್ರೆಯಲ್ಲಿ ದುಡಿದ ಹಳೆಯ ನರ್ಸುಗಳು, ಹಳೆಯ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿದವರ ಮಕ್ಕಳು ಈ ಊರಲ್ಲೇ ಇದ್ದಾರೆ. ಅವರನ್ನು ಮಾತಾಡಿಸಿ.

ದೂರು ಬರೆದವರಿಗೂ ಒಂದು ಮಾತು. ಒಂದು ಭಾನುವಾರ ನಾಲ್ಕು ಗಂಟೆಗೆ ಮನೆಗೆ ಬನ್ನಿ. ಕಾಫಿ ನಾನು ಕೊಡುತ್ತೇನೆ, ಹಾಡು ಅವರು ಹಾಡುತ್ತಾರೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಭಾನುವಾರ ಮಹಡಿ ಮೇಲೆ ಒಣಮೀನು ಬೇಯುತ್ತದೆ. ಬರೋದಾದರೆ ಕರ್ಚೀಫ್ ತನ್ನಿ, ನಾನು ಸೆರಗು ಹಿಡಿದುಕೊಳ್ಳುತ್ತೇನೆ.

– ನಿವೃತ್ತ ಶಿಕ್ಷಕಿ, ತಿಲಕ್ ನಗರ, ಮೈಸೂರು