ಮಕ್ಕಳ ರಗ್ಬಿಗೆ ರೆಫರಿಯಾಗಿ ನಿಂತ ಅಕ್ಕನಿಗೆ ಥ್ಯಾಂಕ್ಸ್

ಭಾನುವಾರ ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಮಕ್ಕಳ ಸೆವೆನ್ಸ್ ರಗ್ಬಿಗೆ (ತಂಡಕ್ಕೆ ಏಳೇ ಮಂದಿ ಆಡುವ ರಗ್ಬಿ) ವಿಷಲ್ ಹಿಡಿದು ನಿಂತಿದ್ದ ಅಕ್ಕ, ನಿಮ್ಮ ಹೆಸರು ಕೇಳೋಣ ಅಂತ ಬರುವಷ್ಟರಲ್ಲಿ ನೀವು ಬಸ್ಸಿಗೆ ಹೊರಟಾಗಿತ್ತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಕಬಡ್ಡಿ ಎಲ್ಲರಿಗೂ ಗೊತ್ತು, ರಗ್ಬಿ ಅಷ್ಟಕ್ಕಷ್ಟೇ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಮಕ್ಕಳು ಇದನ್ನೇ ಮರೆಯುತ್ತಿದ್ದರು. ನೀವು ಸುಮ್ನೆ ವಿಷಲ್ ಊದಿ ಬಿಡಲಿಲ್ಲ, ಯಾಕೆ ಅಂತ ಎರಡೇ ಮಾತಲ್ಲಿ ಹೇಳಿದಿರಿ. ಒಬ್ಬನ ಕೈಯಿಂದ ಚೆಂಡು ಮುಂದೆ ಜಾರಿ ಎದುರು ತಂಡದ ಹುಡುಗಿಗೆ ಸಿಕ್ಕಾಗ, ಆಟ ನಿಲ್ಲಿಸದೆ ‘ಅಡ್ವಾಂಟೇಜ್’ (ತಪ್ಪಿನ ಲಾಭ ಎದುರು ತಂಡಕ್ಕೆ) ಅಂತ ಕೈ ಚಾಚಿ ಓಡಲು ಬಿಟ್ಟಿರಿ. ಅವಳು ಗೋಲ್ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿ ಟ್ರೈ ಹೊಡೆದಳು, 5 ಅಂಕ!

ಆದರೆ ಎದುರಾಳಿಯನ್ನು ಭುಜಕ್ಕಿಂತ ಮೇಲೆ ಹಿಡಿದು ಟ್ಯಾಕಲ್ ಮಾಡಿದವನಿಗೆ (ಅಂದರೆ ಕೆಡವಿದವನಿಗೆ) ರಿಯಾಯಿತಿ ಇರಲಿಲ್ಲ. ಪೆನಾಲ್ಟಿ, ಹಳದಿ ಕಾರ್ಡ್, 2 ನಿಮಿಷ ಹೊರಗೆ. ಅರ್ಧ ಆಟವೇ 7 ನಿಮಿಷ ಇರುವಾಗ ಅದೇನು ಕಡಿಮೆಯಾ? ಗೆರೆಯಾಚೆ ಕೆಲವು ಅಪ್ಪಂದಿರು ಕೂಗಾಡಿದರು (ನಮ್ಮವರಿಗೆ ಕ್ರಿಕೆಟ್ ಅಂಪೈರ್‌ನ ಬೈದು ಅಭ್ಯಾಸ), ನೀವು ತಿರುಗಿಯೂ ನೋಡಲಿಲ್ಲ. ಸರಿಯಾಗೇ ಮಾಡಿದಿರಿ. ಮಕ್ಕಳ ಕುತ್ತಿಗೆ ವಿಷಯ ಅಲ್ವಾ.

ಮುಂದಿನ ಸಲ ಬಂದರೆ ಹಾಗೇ ಹೋಗಬೇಡಿ ಅಕ್ಕ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ನಮ್ಮ ಲೆಕ್ಕದಲ್ಲಿ.