'ಬೇಡರ ಕಣ್ಣಪ್ಪ' ಓಡಿದ್ದು ಸುಮ್ನೆ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರದ ಸಿನಿಮಾ ಪುರವಣಿಯಲ್ಲಿ ಹಳೇ ಹಿಟ್ ಸಿನಿಮಾಗಳ ಬಗ್ಗೆ ಬಂದ ಲೇಖನ ಓದಿದೆ. 'ಬೇಡರ ಕಣ್ಣಪ್ಪ'ಕ್ಕೆ ಅದರಲ್ಲಿ ಸಿಕ್ಕಿದ್ದು ಎರಡೇ ಸಾಲು. ಆಗಿನ ಜನಕ್ಕೆ ಭಕ್ತಿ ಜಾಸ್ತಿ, ಬೇರೆ ಕನ್ನಡ ಸಿನಿಮಾ ಕಮ್ಮಿ, ಹಾಗಾಗಿ ಓಡಿತು ಅಂತ. ಓದಿ ಬೇಜಾರಾಯ್ತು. ಬರೀ ಭಕ್ತಿಯಿಂದ ದುಡ್ಡು ಬರುವ ಹಾಗಿದ್ದರೆ ಆ ಕಾಲದ ಎಲ್ಲ ದೇವರ ಸಿನಿಮಾನೂ ಗೆಲ್ಲಬೇಕಿತ್ತು, ಅಲ್ವಾ?

1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ಸಿನಿಮಾ ಬಂತು. ಅಷ್ಟು ಹೊತ್ತಿಗೆ ಕಣ್ಣಪ್ಪನ ಕಥೆ ಕಂಪನಿ ನಾಟಕವಾಗಿ ಊರೂರು ಸುತ್ತಿಯಾಗಿತ್ತು. ಸಿನಿಮಾ ಮಾಡಲು ಕೈ ಹಾಕಿದವರೂ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯವರೇ. ಜನ ಎಲ್ಲಿ ಅಳುತ್ತಾರೆ, ಎಲ್ಲಿ ನಗುತ್ತಾರೆ, ಯಾವ ಹಾಡಿಗೆ ಒನ್ಸ್ ಮೋರ್ ಬೀಳುತ್ತದೆ ಅನ್ನುವುದು ಅವರಿಗೆ ದಿನಾ ರಾತ್ರಿ ಟಿಕೆಟ್ ಮಾರಿ ಗೊತ್ತಿದ್ದ ವಿಷಯ. ನಾಯಕನಾಗಿ ರಾಜ್‌ಕುಮಾರ್ ಅವರಿಗೆ ಅದು ಮೊದಲ ಸಿನಿಮಾ, ನಿಜ. ಆದರೆ ಅವರು, ಜಿ.ವಿ. ಅಯ್ಯರ್, ನರಸಿಂಹರಾಜು ಎಲ್ಲರೂ ನಾಟಕದಲ್ಲಿ ಪಳಗಿದವರು.

ನಮ್ಮ ಅಮ್ಮ ಅದನ್ನು ನೋಡಿದ್ದು ಅರಕಲಗೂಡು ಕಡೆಗೆ ಬಂದಿದ್ದ ಒಂದು ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ, ಸಿನಿಮಾ ಬಂದು ನಾಲ್ಕೈದು ವರ್ಷ ಕಳೆದ ಮೇಲೆ. ಗಾಡಿ ಕಟ್ಟಿಕೊಂಡು ಹೋಗಿದ್ದರಂತೆ. ನೆಲದ ಟಿಕೆಟ್. ಮುಂದಿನವರ ತಲೆ ಅಡ್ಡ ಬರುತ್ತದೆ ಅಂತ ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂತರೆ ಹಿಂದಿನವರು ಬೈದು ಗುಡ್ಡೆ ಕೆಡವಿಸಿದರಂತೆ. ಮುಂದೆ ಕಣ್ಣಪ್ಪನಾಗುವ ಬೇಡ ದಿಣ್ಣ ಶಿವಲಿಂಗಕ್ಕೆ ಒಂದು ಕಣ್ಣು ಕಿತ್ತು ಕೊಟ್ಟು, ಇನ್ನೊಂದನ್ನೂ ಕಿತ್ತರೆ ಜಾಗ ಕಾಣುವುದಿಲ್ಲ ಅಂತ ಲಿಂಗದ ಮೇಲೆ ಕಾಲಿಟ್ಟು ಗುರುತು ಮಾಡಿಕೊಳ್ಳುತ್ತಾನಲ್ಲ, ಆಗ ಟೆಂಟಿನಲ್ಲಿ ಒಂದು ಸದ್ದಿಲ್ಲ, ಆಮೇಲೆ ಹೆಂಗಸರೆಲ್ಲ ಒಟ್ಟಿಗೇ ಬಿಕ್ಕಿದರು ಅಂತ ಅಮ್ಮ ಈಗಲೂ ಹೇಳುತ್ತಾರೆ. ಆ ಕಥೆ ಅವರಿಗೆ ಮೊದಲೇ ಗೊತ್ತಿತ್ತು. ಜಾತ್ರೆಯಲ್ಲಿ ನಾಟಕ ನೋಡಿದ್ದರು. ಗೊತ್ತಿದ್ದಕ್ಕೇ ಹೋದರು. ನಾಟಕದಲ್ಲಿ ಗ್ಯಾಸ್‌ಲೈಟ್ ಬೆಳಕಲ್ಲಿ ದೂರದಿಂದ ಕಂಡಿದ್ದ ಕಣ್ಣಪ್ಪನ ಮುಖ ಇಲ್ಲಿ ಪರದೆ ತುಂಬ ಕಂಡಿತು. ಅದೇ ಕ್ಯಾಂಪಿನಲ್ಲಿ ಇನ್ನೂ ಎರಡು ಸಲ ಹೋದರಂತೆ.

ಬೆಂಗಳೂರಿನ ಒಂದು ಥಿಯೇಟರಿನಲ್ಲಿ ಎಷ್ಟು ದಿನ ಓಡಿತು ಅನ್ನುವ ಲೆಕ್ಕದಲ್ಲಿ ಹೀಗೆ ಟೆಂಟಿನಲ್ಲಿ ನೋಡಿದವರ್ಯಾರೂ ಬರುವುದಿಲ್ಲ. ನಮ್ಮ ಕಡೆಗೆ ಪ್ರಿಂಟ್ ಬರುತ್ತಿದ್ದುದೇ ತಡವಾಗಿ. ಈ ಊರಲ್ಲಿ ನಾಲ್ಕು ದಿನ, ಆ ಊರಲ್ಲಿ ಒಂದು ವಾರ, ಮತ್ತೆ ಮುಂದಿನ ಶಿವರಾತ್ರಿಗೆ ಅದೇ ಡಬ್ಬಗಳು ವಾಪಸ್.

ಇನ್ನೊಂದು ಮುಖ್ಯ ಸಂಗತಿಯನ್ನು ಲೇಖನ ಬಿಟ್ಟೇಬಿಟ್ಟಿದೆ. ಸಿನಿಮಾ ಗೆದ್ದರೂ ಕಲಾವಿದರ ಕಷ್ಟ ತೀರಲಿಲ್ಲ. ಕನ್ನಡದಲ್ಲಿ ಕೆಲಸವೇ ಕಮ್ಮಿ. ಆಗ ರಾಜ್‌ಕುಮಾರ್, ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಸೇರಿ ಕಲಾವಿದರ ಸಂಘ ಕಟ್ಟಿ, 'ಬೇಡರ ಕಣ್ಣಪ್ಪ'ವನ್ನೇ ಮತ್ತೆ ನಾಟಕವಾಗಿ ಊರೂರಲ್ಲಿ ಆಡಿದರು. ಆಮೇಲೆ ಈ ನಾಲ್ವರೇ 1960ರಲ್ಲಿ 'ರಣಧೀರ ಕಂಠೀರವ' ತೆಗೆದರು. ನಾಟಕದಿಂದ ಸಿನಿಮಾ, ಸಿನಿಮಾದಿಂದ ನಾಟಕ, ಮತ್ತೆ ಸಿನಿಮಾ. ಹೀಗೆ ಓಡಾಡಿದ ದುಡ್ಡನ್ನು ಬಿಟ್ಟು ಇದರ ಗಳಿಕೆಯ ಮಾತಾಡುವುದು ಹೇಗೆ? 1974ರ 'ಸಂಪತ್ತಿಗೆ ಸವಾಲ್' ಕೂಡ ಹೀಗೇ. ಅದಕ್ಕೆ ಮೂಲವಾದ, ನಾಟಕಕಾರ ಧುತ್ತರಗಿಯವರ ನಾಟಕಕ್ಕೆ ಉತ್ತರ ಕರ್ನಾಟಕದಲ್ಲಿ ಜನ ಮೊದಲೇ ಮುಗಿಬಿದ್ದಿದ್ದರು.

ದಯವಿಟ್ಟು ಇದರ ಬಗ್ಗೆ ಸರಿಯಾಗಿ ಒಂದು ಲೇಖನ ಬರೆಸಿ. ಹಾಸನ, ಬೇಲೂರು, ಸಕಲೇಶಪುರ ಕಡೆ ಟೂರಿಂಗ್ ಟಾಕೀಸ್ ನಡೆಸಿದವರು, ಗೇಟಿನಲ್ಲಿ ಟಿಕೆಟ್ ಹರಿದವರು ಇನ್ನೂ ಕೆಲವರು ಇದ್ದಾರೆ. ದಿನದ ಕಲೆಕ್ಷನ್ ಬರೆದಿಟ್ಟ ಪುಸ್ತಕ ಅವರ ಅಟ್ಟದ ಮೇಲೆ ಸಿಕ್ಕರೂ ಸಿಗಬಹುದು. ನಮ್ಮ ಊರಲ್ಲೇ ಪ್ರೊಜೆಕ್ಟರ್ ನಡೆಸುತ್ತಿದ್ದ ಅಜ್ಜ ಒಬ್ಬರಿದ್ದಾರೆ, ವಯಸ್ಸು 87, ನೆನಪು ಚೆನ್ನಾಗಿದೆ. ನಿಮ್ಮ ವರದಿಗಾರರು ಬಂದರೆ ನಾನೇ ಕರೆದುಕೊಂಡು ಹೋಗುತ್ತೇನೆ. ಮಳೆಗಾಲಕ್ಕೆ ಮುಂಚೆ ಬಂದರೆ ಒಳ್ಳೆಯದು, ಆಮೇಲೆ ಅವರು ಮಗಳ ಮನೆಗೆ ಹೋಗಿಬಿಡುತ್ತಾರೆ.

ಇಂತಿ,
ಒಬ್ಬ ಓದುಗ, ಅರಕಲಗೂಡು, ಹಾಸನ ಜಿಲ್ಲೆ