ಹೆಸಾಪ್ ಅಂದ್ರ ಹಿಸೇಬ

ದೋಸ್ತ,

ನಿನಗ ವಾಟ್ಸಾಪ್ ಮಾಡಿದ್ರ ಮೂರು ತಿಂಗಳಿಗೆ ಒಂದು "ಹೂಂ" ಬರತೈತಿ. ಅದಕ್ಕ ಮಂದಿ ಎದುರಿಗೇ ಬರಿಯಾಕ ಹತ್ತೀನಿ. ನೀ ಓದದಿದ್ರೂ ನಿಮ್ಮ ಓಣಿಯವರು ಓದಿ ಹೇಳತಾರ.

ಆಫೀಸಿನ ಕೆಲಸಕ್ಕ ಇಸ್ತಾಂಬುಲ್‌ಗೆ ಹೋಗಿದ್ದೆ. ಕಡೀ ರಾತ್ರಿ ಐದು ಮಂದಿ ಕೂಡಿ ಪೇರಾ ಅನ್ನೋ ಭಾಗದಾಗ ಒಂದು ಎತ್ತರದ ಕಟ್ಟಡದ ತುದೀ ಮಹಡಿಗೆ ಊಟಕ್ಕ ಹೋದಿವಿ. ಅದೇ ಪೇರಾದಾಗ 2005ರಾಗ ಮೆಹ್ಮೆತ್ ಗ್ಯುರ್ಸ್ ಅನ್ನೋ ಬಾಣಸಿಗ ಮಿಕ್ಲಾ ಅಂತ ಹೋಟೆಲ್ ತೆರೆದಾನ. ಅನಾತೋಲಿಯಾ, ಅಂದ್ರ ತುರ್ಕಿಯ ಏಷ್ಯಾ ಭಾಗದ, ಹಳ್ಳಿ ಧಾನ್ಯ, ಹಳ್ಳಿ ಚೀಸ್ ಎಲ್ಲಾ ಹುಡುಕಿ ತಂದು, ಅದಕ್ಕ ಹೊಸ ಅನಾತೋಲಿಯಾ ಅಡಿಗಿ ಅಂತ ಹೆಸರಿಟ್ಟ. 2022ರಾಗ ಹೋಟೆಲ್ಲುಗಳ ಊಟಾ ಪರೀಕ್ಷೆ ಮಾಡಿ ನಕ್ಷತ್ರ ಕೊಡೋ ಮಿಶೆಲಿನ್‌ನವರು ಆ ಊರಿಗೆ ಬಂದು ಅದಕ್ಕ ಒಂದು ನಕ್ಷತ್ರಾನೂ ಕೊಟ್ಟರು. ನಾವು ಹೋಗಿದ್ದು ಅದಲ್ಲ, ಅದರ ತಮ್ಮನಂಥದು. ರೊಕ್ಕದಾಗ ಮಾತ್ರ ಅಣ್ಣ.

ಕಿಟಕಿ ಪಕ್ಕದ ಟೇಬಲ್ಲು. ಕೆಳಗ ಗೋಲ್ಡನ್ ಹಾರ್ನ್ ಅನ್ನೋ ಕೊಲ್ಲಿಯ ನೀರು, ಹಗ್ಗ ಎಳದಂಗ ಹೊಂಟ ದೋಣಿಗೋಳು. ಆಚಿ ದಂಡಿ ಗುಡ್ಡದ ಮ್ಯಾಲ ಸುಲ್ತಾನರ ವಾಸ್ತುಶಿಲ್ಪಿ ಸಿನಾನ್ ಕಟ್ಟಿದ ಸುಲೇಮಾನಿಯೆ ಮಸೀದಿ. ಅದು ಮುಗಿದಿದ್ದು 1557ರಾಗ, ನಮ್ಮ ಕಡೆ ತಾಳಿಕೋಟಿ ಯುದ್ಧಕ್ಕ ಇನ್ನಾ ಎಂಟು ವರ್ಷ ಇತ್ತು. ಅದರ ಎಡಕ್ಕ ಆಯಾಸೋಫಿಯಾ, ಮೊದಲ ಚರ್ಚು, ಈಗ ಮಸೀದಿ. ಸಂಜೀ ಬಾಂಗ್ ಒಂದು ಮಸೀದ್ಯಾಗ ಚಾಲೂ ಆಗಿ, ಅದು ಮುಗಿಯೋದ್ರಾಗ ಇನ್ನೊಂದು, ಅದರ ಮ್ಯಾಲ ಮತ್ತೊಂದು. ನೀ ಇದ್ದಿದ್ರ "ನಮ್ಮ ಗೋಳಗುಮ್ಮಟದ ಮುಂದ ಇದೇನಲೇ" ಅಂತಿದ್ದಿ. ಲೆಕ್ಕದಾಗ ನಿಂದೇ ಖರೇ: ಆಯಾಸೋಫಿಯಾದ ಗುಮ್ಮಟ ಅಗಲಕ್ಕ ಸುಮಾರು 31 ಮೀಟರು, ನಿಮ್ಮ ಬಿಜಾಪುರದ್ದು ಹೊರಗಿನ ಅಳತಿ 44.

ಮೂರನೇದಕ್ಕ ತರ್ಹಾನಾ ಬಂತು. ಕರೀ ಮಣ್ಣಿನ ಬಟ್ಟಲು, ತಳದಾಗ ನಾಕು ಚಮಚಾ ಸೂಪು, ಮ್ಯಾಲ ಚಿಮಟಾದಿಂದ ಎತ್ತಿಟ್ಟ ಒಂದು ಎಲಿ. ಬಡಸಾಂವ ಕೈ ಕಟಗೊಂಡು ನಿಂತು ಹೇಳಿದ: ಗೋದಿ ಹಿಟ್ಟು, ಮಸರು, ಟೊಮೇಟೊ, ಮೆಣಸಿನಕಾಯಿ ಕಲಸಿ ದಿನಗಟ್ಟಲೆ ಹುಳಿ ಬರಿಸತಾರ, ಬಿಸಲಿಗೆ ಹರವಿ ಒಣಗಸತಾರ, ತಿಕ್ಕಿ ಪುಡಿ ಮಾಡಿ ಚಳಿಗಾಲಕ್ಕ ಇಟಗೋತಾರ. ನಾ "ವಾವ್" ಅಂದೆ. ಬಾಯಾಗ ಇಟ್ಟೆ. ಲೇ, ಅಂಬಲಿ! ಹುಳಿ ಅಂಬಲಿ!

ಇಂಥಾ ಪತ್ರದಾಗ ಇಲ್ಲೇ "ನೀ ಅಲ್ಲಿ ಇರಬೇಕಿತ್ತು" ಅಂತ ಬರೀಬೇಕು. ಬರದಿದ್ದೆ, ಅಳಿಸೀನಿ. ಯಾಕಂದ್ರ ಆ ಹೊತ್ತಿಗೆ ನನ್ನ ತಲ್ಯಾಗ ಬಂದದ್ದು, ಸದ್ಯ ಇಂವ ಇಲ್ಲಿಲ್ಲ ಅಂತ. ನೀ ಇದ್ದಿದ್ರ ಆ ಮಾತು ಬಾಯಿ ಬಿಟ್ಟು ಅಂತಿದ್ದಿ, ಕೆಂಪು ಛತ್ರಿ ದಿನದ ನಗಿ ನಗತಿದ್ದಿ, ಆಚಿ ಟೇಬಲ್ಲಿನವರು ಹೊಳ್ಳಿ ನೋಡತಿದ್ರು. ನಾ ನಮ್ಮ ಆಫೀಸಿನವರಿಗೆ "ಹುದುಗಿನ ರುಚಿ ಎಷ್ಟು ನಾಜೂಕೈತಿ" ಅಂದೆ. ಇಂಗ್ಲಿಷಿನ್ಯಾಗ.

ಊಟ ಆತು. ಬಡಸಾಂವ ಬಂದು, "ಹೆಸಾಪ್?" ಅಂದ. ಬಿಲ್ಲಿಗೆ ತುರ್ಕಿಯವರು ಅನ್ನೋದು ಹಂಗ. ಹಿಸೇಬ. ನನಗ ಕಂಡಿದ್ದು ಧಾರವಾಡದ ಖಾನಾವಳಿ ಗಲ್ಲಾದ ಮ್ಯಾಲಿನ ಉದ್ದನ್ನ ಬುಕ್ಕು, ರೊಟ್ಟಿ ಹಿಟ್ಟಿನ ಬಟ್ಟು ಮೂಡಿದ ನಿನ್ನ ಪುಟ. ಎರಡು ತಿಂಗಳು ನನ್ನ ಊಟಾನೂ ಅದೇ ಪುಟದಾಗ ಬರಸಿದಿ. ನನ್ನ ಕೇಳಲಿಲ್ಲ, ಹೇಳಲೂ ಇಲ್ಲ. ನಾ ಕೊಟ್ಟಿಲ್ಲ, ಇವತ್ತಿನ ತನಕ.

ಇಲ್ಲಿ ಮಾತ್ರ "ನಾ ಕೊಡತೀನಿ" ಅಂತ ಎಲ್ಲಾರಕಿಂತ ಮೊದಲ ಕೈ ಎತ್ತಿದೆ. ಕಾರ್ಡು ಕಂಪನೀದು.

ಇನ್ನೊಂದು. ಹೋದ ವರ್ಷ ಮಗಳ ಅಡ್ಮಿಷನ್ನಿಗೆ ನೀ ಬೆಂಗಳೂರಿಗೆ ಬಂದಾಗ ಮೂಲ್ಯಾಗಿನ ದರ್ಶಿನ್ಯಾಗ ನಿಂತು ತಿಂದಿವಿ, ನೆನಪೈತಿಲ್ಲೊ? "ಮೀಟಿಂಗ್ ಐತಿ, ಟೈಮಿಲ್ಲ" ಅಂದಿದ್ದೆ. ಮೀಟಿಂಗ್ ಇರಲಿಲ್ಲ. ಆಫೀಸಿನ ಕೆಳಗ ನಾವು ದಿನಾ ಕೂಡ್ರೋ ಛಲೋ ಹೋಟೆಲ್ ಇತ್ತು, ಅಲ್ಲಿ ನಮ್ಮವರೆಲ್ಲಾ ಇದ್ರು. ನಿನ್ನ ಹೆಗಲಿಗೆ ಆ ಗೊಬ್ಬರದ ಚೀಲದ ಕೈಚೀಲ ಇತ್ತು. ಅದರಾಗ ನನಗಂತ ತಂದ ಶೇಂಗಾ ಹಿಂಡಿ ಇತ್ತು ಅಂತ ನೀ ಹೋದ ಮ್ಯಾಲ ಗೊತ್ತಾತು.

ಇಷ್ಟು ಬರೀಬೇಕಂತ ಕುಂತಿರಲಿಲ್ಲ. ಗುಮ್ಮಟದ ಅಳತಿ ಹೇಳಿ ಮುಗಸೋ ವಿಚಾರ ಇತ್ತು. ಬಿಲ್ಲಿನ ಅಂಕಿ ಅಂತೂ ಇಲ್ಲಿ ಹಾಕಂಗಿಲ್ಲ, ನಮ್ಮಪ್ಪ ಫೇಸ್‌ಬುಕ್‌ನ್ಯಾಗ ಅದಾನ. ಕಮೆಂಟಿನ್ಯಾಗ ಕಣ್ಣೀರಿನ ಗೊಂಬಿ ಹಾಕೋರು ಹಾಕ್ರಿ. ನೀ ಮಾತ್ರ ಫೋನ್ ಮಾಡಿ "ಅದೇನ್ ದೊಡ್ಡ ಮಾತು ಬಿಡಲೇ" ಅಂತ ಅನಬ್ಯಾಡ, ಅದನ್ನ ತಡಕೊಳ್ಳಾಕ ಆಗೂದಿಲ್ಲ. ಬೈಯೋದಿದ್ರ ಮಾಡು.

ಮಸಾಲಿ ಬಜಾರಿನ್ಯಾಗ ಅರ್ಧಾ ಕಿಲೋ ತರ್ಹಾನಾ ಪುಡಿ ತಗೊಂಡೀನಿ. ದೀಪಾವಳಿಗೆ ಬಂದಾಗ ತರತೀನಿ, ನೀರಾಗ ಕಲಸಿ ಗಂಟಾಗದಂಗ ಕುದಸಬೇಕಂತ. ಎಲಿ ಇಡಾಕ ಚಿಮಟಾ ನಿಮ್ಮ ಮನ್ಯಾಗ ಐತಲ್ಲ, ರೊಟ್ಟಿ ಹೊಳ್ಳಸೋದು?

ನಿನ್ನ
ಅರ್ಧಾ ಪ್ಲೇಟ್